ಒಡೆಯನಿಲ್ಲದ ಹೊತ್ತು

ಮನೆಯವರೆಲ್ಲ ಬಾಗಿಲಿಗೆ ಬೀಗ ಹಾಕಿ ಹೊರಟುಹೋದ ಮೇಲೆ ಒಳಗೆ ಉಳಿದ ನಾಯಿ, ಬೆಕ್ಕು, ಗಿಳಿಗಳು ಏನು ಮಾಡುತ್ತಿರುತ್ತವೆ? 2016ರಲ್ಲಿ ತೆರೆಕಂಡ ‘ದಿ ಸೀಕ್ರೆಟ್ ಲೈಫ್ ಆಫ್ ಪೆಟ್ಸ್’ ಎಂಬ ಅನಿಮೇಷನ್ ಚಿತ್ರ ಈ ಒಂದು ಕುತೂಹಲದ ಮೇಲೆ ನಿಂತಿದೆ. ಕ್ರಿಸ್ ರೆನೊ ನಿರ್ದೇಶಿಸಿದ ಈ ಚಿತ್ರದಲ್ಲಿ ನ್ಯೂಯಾರ್ಕಿನ ಎತ್ತರದ ಮನೆಗಳ ಸಾಕುಪ್ರಾಣಿಗಳು ಒಡೆಯರ ಬೆನ್ನು ಮರೆಯಾಗುವುದನ್ನೇ ಕಾಯುತ್ತವೆ. ಮಂದ್ರಸ್ವರದ ಶಾಸ್ತ್ರೀಯ ಸಂಗೀತ ಕೇಳುತ್ತ ಗಂಭೀರವಾಗಿ ಕುಳಿತಿದ್ದ ಪೂಡಲ್ ನಾಯಿ ಕಿವಿಗಡಚಿಕ್ಕುವ ಸಂಗೀತಕ್ಕೆ ತಲೆ ಕುಣಿಸತೊಡಗುತ್ತದೆ. ಇನ್ನೊಂದು ನಾಯಿ ಅಡುಗೆಮನೆಯ ಮಿಕ್ಸರಿನಿಂದ ಬೆನ್ನು ನೀವಿಸಿಕೊಳ್ಳುತ್ತದೆ. ನಮ್ಮ ಬಳಗದ ಮನೆಗಳಲ್ಲಿ ಈ ಚಿತ್ರವನ್ನು ನೋಡದ ಮಕ್ಕಳು ವಿರಳ. ನೋಡಿ ನಕ್ಕ ಮೇಲೆ ಅವರು ತಮ್ಮ ಮನೆಯ ನಾಯಿಯನ್ನು ಸ್ವಲ್ಪ ಅನುಮಾನದಿಂದ ದಿಟ್ಟಿಸುವುದನ್ನೂ ಕಂಡಿದ್ದೇವೆ.

ಪ್ರಶ್ನೆ ಹೊಸದೆಂದು ಮಕ್ಕಳು ಭಾವಿಸುವುದು ಸಹಜ. ಆದರೆ ನಾವು ಬಾಳುತ್ತಿರುವ ಈ ಹೈದರಾಬಾದಿನ ನೆಲದಲ್ಲಿಯೇ ಅದು ಎರಡು ಸಲ, ಎರಡು ಭಾಷೆಗಳಲ್ಲಿ ಕೇಳಿಬಂದಿತ್ತು. ಒಮ್ಮೆ ಹನ್ನೊಂದನೆಯ ಶತಮಾನದ ಚಾಲುಕ್ಯರ ಕಾಲದಲ್ಲಿ, ಕನ್ನಡದಲ್ಲಿ. ಇನ್ನೊಮ್ಮೆ ಹದಿನೇಳನೆಯ ಶತಮಾನದ ಗೋಲ್ಕೊಂಡದಲ್ಲಿ, ದಖನಿಯಲ್ಲಿ. ಎರಡು ಸಲವೂ ಬಂದ ಉತ್ತರ ನಗೆಯದಾಗಿರಲಿಲ್ಲ. ಒಡೆಯನಿಲ್ಲದ ಹೊತ್ತಿನಲ್ಲಿ ಪ್ರಾಣಿ ಏನು ಮಾಡಿತು ಎಂಬುದಕ್ಕಿಂತ, ಮರಳಿ ಬಂದ ಒಡೆಯ ಅದನ್ನು ಹೇಗೆ ಅರ್ಥಮಾಡಿಕೊಂಡ ಎಂಬುದೇ ಆ ಕಥೆಗಳಿಗೆ ಮುಖ್ಯವಾಗಿತ್ತು. ಅವುಗಳ ಜಾಡನ್ನು ಹಿಡಿಯುವುದು ಈ ಬರಹದ ಉದ್ದೇಶ.

ಹೈದರಾಬಾದಿನಿಂದ ಮುಂಬಯಿಯ ಹೆದ್ದಾರಿ ಹಿಡಿದರೆ ನಗರದ ಅಂಚಿನಲ್ಲಿ ಪಟಾನ್‌ಚೆರು ಸಿಗುತ್ತದೆ. ಕಾರ್ಖಾನೆಗಳ ಊರೆಂದೂ 1972ರಲ್ಲಿ ಸ್ಥಾಪನೆಯಾದ ಇಕ್ರಿಸ್ಯಾಟ್ ಎಂಬ ಕೃಷಿ ಸಂಶೋಧನಾ ಸಂಸ್ಥೆಯ ಊರೆಂದೂ ಇಂದು ನಾವು ಅದನ್ನು ಬಲ್ಲೆವು. ಚರಿತ್ರಕಾರರು ಇದನ್ನು ಶಾಸನಗಳ ಪೊಟ್ಟಳಕೆರೆಯೊಡನೆ ಗುರುತಿಸುತ್ತಾರೆ. ಕಲ್ಯಾಣವು ಚಾಲುಕ್ಯರ ರಾಜಧಾನಿಯಾಗಿ ಮೆರೆಯುವ ಮುನ್ನ ಇಮ್ಮಡಿ ಜಯಸಿಂಹ ಜಗದೇಕಮಲ್ಲನ ನೆಲೆವೀಡುಗಳಲ್ಲಿ ಪೊಟ್ಟಳಕೆರೆ ಒಂದಾಗಿತ್ತು. ದೇವರ ದಾಸಿಮಯ್ಯನ ಕಥೆಯಲ್ಲಿ ಬರುವ ರಾಣಿ ಸುಗ್ಗಲೆಯ ಊರೂ ಇದೇ. ಈಗ ಅಲ್ಲಿ ಬಸ್ಸಿಗಾಗಿ ಕಾಯುವ ಕನ್ನಡಿಗ ತಾನು ಹಳೆಯ ಕನ್ನಡ ರಾಜಧಾನಿಯೊಂದರಲ್ಲಿ ನಿಂತಿದ್ದೇನೆಂದು ತಿಳಿಯುವ ಸಂಭವ ಕಡಿಮೆ.

ಆ ಜಯಸಿಂಹನ ಸಂಧಿವಿಗ್ರಹಿ ದುರ್ಗಸಿಂಹ. ಯುದ್ಧ ಮತ್ತು ಸಂಧಿಗಳ ಮಾತುಕತೆಯನ್ನು ನೋಡಿಕೊಳ್ಳುವ ಅಧಿಕಾರಿ. ಕಿಸುಕಾಡು ನಾಡಿನ ಸಯ್ಯಡಿ ಎಂಬ ಅಗ್ರಹಾರದವನು. ಇಂದಿನ ಗದಗ ಜಿಲ್ಲೆಯ ಸವಡಿಯೇ ಆ ಸಯ್ಯಡಿ. 1031ರಲ್ಲಿ ಅವನು ಮುಗಿಸಿದ ಪಂಚತಂತ್ರ ಕನ್ನಡದ ಚಂಪೂಕಾವ್ಯಗಳಲ್ಲಿ ವಿಶಿಷ್ಟವಾದುದು. ನಮಗೆ ಶಾಲೆಯ ಪಾಠಗಳಿಂದ ಪರಿಚಿತವಾದ ವಿಷ್ಣುಶರ್ಮನ ಹೆಸರಿನ ಪಾಠವನ್ನು ಅವನು ಅನುಸರಿಸಲಿಲ್ಲ. ವಸುಭಾಗಭಟ್ಟನ ಸಂಸ್ಕೃತ ಪಾಠವನ್ನು ಹಿಡಿದ. ವಸುಭಾಗಭಟ್ಟನಿಗೆ ಮೂಲ ಗುಣಾಢ್ಯನ ಬೃಹತ್ಕಥೆ ಎಂದು ಅವನೇ ಹೇಳುತ್ತಾನೆ.

ಗುಣಾಢ್ಯನ ಐತಿಹ್ಯವನ್ನು ಇಲ್ಲಿ ನೆನೆಯದೆ ಮುಂದೆ ಹೋಗಲಾಗದು. ಪೈಶಾಚಿ ಭಾಷೆಯಲ್ಲಿ ಬರೆದ ತನ್ನ ಕಥೆಯನ್ನು ಶಾತವಾಹನ ದೊರೆ ಕಡೆಗಣಿಸಿದಾಗ, ಅವನು ಕಾಡಿನಲ್ಲಿ ಬೆಂಕಿ ಹೊತ್ತಿಸಿ ಒಂದೊಂದೇ ಎಲೆಯನ್ನು ಓದಿ ಸುಡುತ್ತಾ ಹೋದನಂತೆ. ಸುತ್ತ ನೆರೆದ ಮೃಗಪಕ್ಷಿಗಳು ಮೇವು ಮರೆತು ಕಣ್ಣೀರಿಡುತ್ತ ಕೇಳಿದವಂತೆ. ಅರಮನೆಯ ಅಡುಗೆಗೆ ಬರುವ ಮಾಂಸ ಒಣಗಿದ್ದು ಕಂಡು ದೊರೆ ವಿಚಾರಿಸಿದಾಗ ಸಂಗತಿ ಹೊರಬಿದ್ದು, ಕೊನೆಗೆ ಉಳಿದ ಭಾಗ ಮಾತ್ರ ದಕ್ಕಿತಂತೆ. ದಖನ್ನಿನ ಕಥಾಪರಂಪರೆ ತನ್ನ ಮೊದಲ ಸಹೃದಯರನ್ನಾಗಿ ಪ್ರಾಣಿಗಳನ್ನು ಆರಿಸಿಕೊಂಡಿತು. ಮನುಷ್ಯ ಕಡೆಗಣಿಸಿದ್ದನ್ನು ಅವು ಕೇಳಿಸಿಕೊಂಡವು.

ದುರ್ಗಸಿಂಹನ ಕಾವ್ಯದಲ್ಲಿ ಭೇದ, ಪರೀಕ್ಷೆ, ವಿಶ್ವಾಸ, ವಂಚನೆ, ಮಿತ್ರಕಾರ್ಯ ಎಂಬ ಐದು ತಂತ್ರಗಳಿವೆ. ‘ಪರೀಕ್ಷೆ’ಗೆ ಸೇರಿದ್ದು ಮುಂಗುಸಿಯ ಕಥೆ. ಅದನ್ನು ನಾವೆಲ್ಲ ಅಜ್ಜಿಯರ ಬಾಯಿಂದ ಕೇಳಿದ್ದೇವೆ. ಮನೆಯಲ್ಲಿ ಒಂದು ಹಸುಗೂಸು, ಅದರೊಡನೆ ಮಗುವಿನಂತೆಯೇ ಬೆಳೆದ ಒಂದು ಮುಂಗುಸಿ. ಹಿರಿಯರು ಹೊರಗೆ ಹೋದ ಹೊತ್ತಿನಲ್ಲಿ ತೊಟ್ಟಿಲ ಬಳಿಗೆ ಹಾವು ಹರಿದು ಬರುತ್ತದೆ. ಮುಂಗುಸಿ ಅದನ್ನು ಕಚ್ಚಿ ತುಂಡರಿಸಿ, ತಾನು ಮಾಡಿದ್ದನ್ನು ತೋರಿಸುವ ಸಂಭ್ರಮದಲ್ಲಿ ಬಾಗಿಲಿಗೆ ಓಡಿ ಬರುತ್ತದೆ. ಬಾಯಿಯ ತುಂಬ ನೆತ್ತರು. ಮಗುವನ್ನೇ ಕೊಂದಿತೆಂದು ಬಗೆದು ಮನೆಯವರು ಅದನ್ನು ಬಡಿದು ಕೊಲ್ಲುತ್ತಾರೆ. ಒಳಗೆ ಹೋಗಿ ನೋಡಿದರೆ ಮಗು ಆಡುತ್ತಿದೆ, ಪಕ್ಕದಲ್ಲಿ ಹಾವಿನ ತುಂಡುಗಳು ಬಿದ್ದಿವೆ.

ಸಾಕಿದ ಪ್ರಾಣಿ, ಬರಿದಾದ ಮನೆ, ಒಡೆಯನಿಗೆ ಕಾಣದ ಸಾಹಸ, ಬಾಗಿಲಲ್ಲಿ ಪುನರ್ಮಿಲನ. ನ್ಯೂಯಾರ್ಕಿನ ಚಿತ್ರದಲ್ಲಿ ಇರುವುದೆಲ್ಲ ಇಲ್ಲಿಯೂ ಇದೆ. ಅಲ್ಲಿ ಸಂಜೆ ಒಡೆಯರು ಬಾಗಿಲು ತೆರೆದಾಗ ನಾಯಿಬೆಕ್ಕುಗಳು ಏನೂ ನಡೆದಿಲ್ಲವೆಂಬಂತೆ ಮಡಿಲು ಸೇರುತ್ತವೆ. ಇಲ್ಲಿ ಆ ಬಾಗಿಲಲ್ಲಿಯೇ ಸಾವು ನಿಂತಿದೆ. ‘ಪ್ರತ್ಯಕ್ಷ ಕಂಡರೂ ಪ್ರಮಾಣಿಸಿ ನೋಡು’ ಎಂಬ ನಮ್ಮ ಗಾದೆಗೆ ಇದಕ್ಕಿಂತ ಕಠೋರವಾದ ಭಾಷ್ಯ ಇನ್ನೊಂದಿಲ್ಲ. ನೆತ್ತರು ಪ್ರತ್ಯಕ್ಷವಾಗಿತ್ತು, ಅದು ಯಾರದೆಂಬುದಷ್ಟೇ ಗೊತ್ತಿರಲಿಲ್ಲ.

ಈ ಕಥೆ ದುರ್ಗಸಿಂಹನಿಗಿಂತ ಮೊದಲೇ ಕನ್ನಡ ನಾಡಿನ ಕಲ್ಲಿನಲ್ಲಿ ಮೂಡಿತ್ತು. ಬಾದಾಮಿ ಚಾಲುಕ್ಯರ ಇಮ್ಮಡಿ ವಿಕ್ರಮಾದಿತ್ಯ ಕಂಚಿಯ ಪಲ್ಲವರನ್ನು ಗೆದ್ದ ನೆನಪಿಗೆ ರಾಣಿ ಲೋಕಮಹಾದೇವಿ ಎಂಟನೆಯ ಶತಮಾನದಲ್ಲಿ ಕಟ್ಟಿಸಿದ ಪಟ್ಟದಕಲ್ಲಿನ ವಿರೂಪಾಕ್ಷ ದೇವಾಲಯದಲ್ಲಿ ಮುಂಗುಸಿಯ ಮೇಲೆ ಕೈಯೆತ್ತಿದ ಹೆಂಗಸು, ಪಕ್ಕದಲ್ಲಿ ಮಗು, ಸತ್ತ ಹಾವು ಇರುವ ಶಿಲ್ಪವಿದೆ. ಗೆಲುವಿನ ಸ್ಮಾರಕದೊಳಗೆ ಅವಸರದ ಕೊಲೆಯ ಕಥೆಗೂ ಜಾಗ ಸಿಕ್ಕಿತು. ಯುದ್ಧ ಮುಗಿಸಿ ಮನೆಗೆ ಮರಳಿದವರ ಕಣ್ಣಿಗೆ ಬೀಳಬೇಕಾದ ಶಿಲ್ಪವೇ ಅದು.

ಇಲ್ಲಿ ಕಥೆಯನ್ನು ಬಿಟ್ಟು, ಚರಿತ್ರೆಯಲ್ಲಿ ನಿಜವಾಗಿ ಬಾಳಿದ ಒಂದು ನಾಯಿಯನ್ನು ನೆನೆಯಬೇಕು. ಮಂಡ್ಯ ಜಿಲ್ಲೆಯ ಆತಕೂರಿನಲ್ಲಿ ದೊರೆತು ಈಗ ಬೆಂಗಳೂರಿನ ಸರ್ಕಾರಿ ವಸ್ತುಸಂಗ್ರಹಾಲಯದಲ್ಲಿರುವ ಶಾಸನ ಅದರ ದಾಖಲೆ. ತಕ್ಕೋಲದ ಕದನದಲ್ಲಿ ರಾಷ್ಟ್ರಕೂಟ ಮುಮ್ಮಡಿ ಕೃಷ್ಣ ಹಾಗೂ ಗಂಗರ ಇಮ್ಮಡಿ ಬೂತುಗ ಚೋಳರನ್ನು ಸೋಲಿಸಿದರು. ಚೋಳ ರಾಜಾದಿತ್ಯ ಮಡಿದ. ಆ ಯುದ್ಧದಲ್ಲಿ ಹೋರಾಡಿದ ಮಣಲೆರನೆಂಬ ವೀರನಿಗೆ ಬೇಕಾದುದನ್ನು ಬೇಡು ಎಂದಾಗ ಅವನು ಬೇಡಿದ್ದು ಕಾಳಿ ಎಂಬ ಬೇಟೆನಾಯಿಯನ್ನು. ಮುಂದೆ ಆ ಕಾಳಿ ಕಾಡುಹಂದಿಯೊಡನೆ ಕಾದಾಡಿತು. ನಾಯಿ, ಹಂದಿ ಎರಡೂ ಸತ್ತವು. ಮಣಲೆರ ಅದಕ್ಕೆ ಕಲ್ಲು ನಿಲ್ಲಿಸಿದ. ಕಲ್ಲಿನ ಪೂಜೆಗೆ ಭೂಮಿ ಬಿಡಲಾಯಿತು. ಪೂಜೆ ಮಾಡುವ ಗೊರವ ಆ ಕಲ್ಲನ್ನು ಪೂಜಿಸದೆ ಉಣ್ಣಬಾರದೆಂಬ ಕಟ್ಟಳೆಯೂ ಆಯಿತು. ನಾಯಿಯೂ ಹಂದಿಯೂ ಎದುರುಬದುರಾಗಿ ನಿಂತ ಚಿತ್ರ ಆ ಕಲ್ಲಿನ ಮೇಲಿದೆ.

ಆತಕೂರಿನ ಶಾಸನ 949ರ ಸುಮಾರಿನದು, ದುರ್ಗಸಿಂಹನ ಪಂಚತಂತ್ರ 1031ರದು. ನಡುವೆ ಎಂಟು ದಶಕಗಳಷ್ಟೇ ಅಂತರ. ಎರಡರಲ್ಲೂ ಸಾಕುಪ್ರಾಣಿ ಒಡೆಯನ ಪರವಾಗಿ ಕಾದಿ ಸತ್ತಿದೆ. ಕಾಳಿಯ ಹೋರಾಟವನ್ನು ಜನ ಅರಿತಿದ್ದರು, ಆದ್ದರಿಂದ ಅದಕ್ಕೆ ವೀರಗಲ್ಲು ದೊರೆಯಿತು. ಮುಂಗುಸಿಯ ಹೋರಾಟ ಮುಚ್ಚಿದ ಬಾಗಿಲ ಹಿಂದೆ ನಡೆಯಿತು, ಅದಕ್ಕೆ ದೊರೆತದ್ದು ಪೆಟ್ಟು. ಕಣ್ಣೆದುರು ಮಾಡಿದ ಸೇವೆಗೆ ಶಾಸನ, ಕಾಣದೆ ಮಾಡಿದ ಸೇವೆಗೆ ಶಿಕ್ಷೆ. ಈ ಲೆಕ್ಕ ಪ್ರಾಣಿಗಳಿಗೆ ಮಾತ್ರ ಅನ್ವಯಿಸುವುದಲ್ಲವೆಂಬುದನ್ನು, ಅರಮನೆಯ ಒಳಹೊರಗುಗಳನ್ನು ಬಲ್ಲ ಸಂಧಿವಿಗ್ರಹಿ ಅರಿತಿದ್ದಿರಲೇಬೇಕು.

ಮುಂಗುಸಿ ಕನ್ನಡದಲ್ಲಿಯೇ ಉಳಿಯಲಿಲ್ಲ, ದೂರ ನಡೆಯಿತು. ಪಂಚತಂತ್ರ ಆರನೆಯ ಶತಮಾನದಲ್ಲಿ ಪಹ್ಲವಿಗೂ, ಎಂಟನೆಯ ಶತಮಾನದಲ್ಲಿ ಇಬ್ನ್ ಅಲ್ ಮುಕಫ್ಫಾನ ಕೈಯಲ್ಲಿ ‘ಕಲೀಲಾ ವ ದಿಮ್ನಾ’ ಎಂದು ಅರಬ್ಬಿಗೂ ಹೋಯಿತು. ನಮ್ಮ ಕರಟಕ ದಮನಕರೇ ಅಲ್ಲಿ ಕಲೀಲಾ, ದಿಮ್ನಾ ಆದರು. ಯುರೋಪು ಮುಟ್ಟುವ ಹೊತ್ತಿಗೆ ಮುಂಗುಸಿ ನಾಯಿಯಾಯಿತು. ವೇಲ್ಸ್ ನಾಡಿನ ಬೆತ್‌ಗೆಲರ್ಟ್ ಎಂಬ ಹಳ್ಳಿಯಲ್ಲಿ ತೋಳವನ್ನು ಕೊಂದು ರಾಜಕುಮಾರನ ಮಗುವನ್ನು ಉಳಿಸಿ, ಒಡೆಯನ ಕತ್ತಿಗೇ ಬಲಿಯಾದ ಗೆಲರ್ಟ್ ಎಂಬ ನಾಯಿಯ ಸಮಾಧಿಯನ್ನು ಇಂದಿಗೂ ತೋರಿಸುತ್ತಾರೆ. ಫ್ರಾನ್ಸಿನ ಲಿಯಾನ್ ಬಳಿ ಹಾಗೆಯೇ ಸತ್ತ ಗಿನ್‌ಫೋರ್ ಎಂಬ ನಾಯಿಯನ್ನು ಜನ ಸಂತನೆಂದು ಪೂಜಿಸತೊಡಗಿದರು. ತಾಯಂದಿರು ಕಾಯಿಲೆಯ ಕೂಸುಗಳನ್ನು ಅದರ ಗೋರಿಗೆ ತರುತ್ತಿದ್ದರು. ಹದಿಮೂರನೆಯ ಶತಮಾನದ ಪಾದ್ರಿ ಸ್ಟೀಫನ್ ಆಫ್ ಬೂರ್ಬನ್ ಇದನ್ನು ಕಂಡು ಕೆರಳಿ ನಾಯಿಯ ಮೂಳೆಗಳನ್ನು ಅಗೆಸಿ ಸುಡಿಸಿದ. ಆದರೂ ಶತಮಾನಗಳವರೆಗೆ ಆ ಪೂಜೆ ನಿಲ್ಲಲಿಲ್ಲ. ಆತಕೂರಿನ ಗೊರವನ ಕೆಲಸವನ್ನು ಫ್ರಾನ್ಸಿನ ಹಳ್ಳಿಯ ತಾಯಂದಿರು ತಾವಾಗಿಯೇ ವಹಿಸಿಕೊಂಡಿದ್ದರು.

ಇನ್ನು ನಮ್ಮ ಊರಿನ ಎರಡನೆಯ ಕಥೆ. ಚಾಲುಕ್ಯರ ಪೊಟ್ಟಳಕೆರೆ ಮರೆಗೆ ಸರಿದು ಆರು ಶತಮಾನಗಳಾದ ಮೇಲೆ, ಅಲ್ಲಿಂದ ಕೆಲವೇ ಹರಿದಾರಿ ದೂರದ ಗೋಲ್ಕೊಂಡದಲ್ಲಿ ಅಬ್ದುಲ್ಲಾ ಕುತುಬ್ ಷಾಹ ಆಳುತ್ತಿದ್ದಾಗ, ಆಸ್ಥಾನಕವಿ ಗವಾಸಿ 1639ರಲ್ಲಿ ‘ತೂತಿನಾಮಾ’ ಎಂಬ ದಖನಿ ಕಾವ್ಯವನ್ನು ರಚಿಸಿದ. ತೂತಿ ಎಂದರೆ ಗಿಳಿ. ಸಂಸ್ಕೃತದ ಶುಕಸಪ್ತತಿಯ ಕಥೆಗಳನ್ನು ಹದಿನಾಲ್ಕನೆಯ ಶತಮಾನದಲ್ಲಿ ಜಿಯಾಉದ್ದೀನ್ ನಖ್ಷಬಿ ಪಾರಸಿಗೆ ತಂದಿದ್ದ. ಗವಾಸಿಯ ಆಧಾರ ಅದೇ. ಗವಾಸಿ ಗೋಲ್ಕೊಂಡದ ರಾಯಭಾರಿಯಾಗಿ ಬಿಜಾಪುರಕ್ಕೂ ಹೋಗಿ ಬಂದವನು. ದುರ್ಗಸಿಂಹ ಸಂಧಿವಿಗ್ರಹಿ, ಗವಾಸಿ ರಾಯಭಾರಿ: ಮನೆಯ ಪ್ರಾಣಿಗಳ ಗುಟ್ಟನ್ನು ಹೇಳಿದ ಇಬ್ಬರೂ ಮಾತಿನಿಂದ ಸಾಮ್ರಾಜ್ಯದ ಕೆಲಸ ನಡೆಸಿದವರು. ಇದು ಆಕಸ್ಮಿಕವೇ ಇರಬಹುದು. ಆದರೂ ಒಂದು ಮಾತನ್ನು ಯಾವಾಗ ಆಡಬೇಕು, ಹೇಗೆ ಆಡಬೇಕು ಎಂಬ ವಿದ್ಯೆ ಇಬ್ಬರಿಗೂ ವೃತ್ತಿಯಾಗಿತ್ತು ಎಂಬುದನ್ನು ಗಮನಿಸಬೇಕು.

ಗಿಳಿಯ ಕಥೆಯ ಚೌಕಟ್ಟೂ ಒಡೆಯನಿಲ್ಲದ ಮನೆಯೇ. ವ್ಯಾಪಾರಿಯೊಬ್ಬ ಒಂದು ಗಿಳಿಯನ್ನೂ ಒಂದು ಮೈನಾವನ್ನೂ ಮನೆಯಲ್ಲಿ ಬಿಟ್ಟು ದೂರದೇಶಕ್ಕೆ ಹೊರಡುತ್ತಾನೆ. ಒಂಟಿಯಾದ ಹೆಂಡತಿಯ ಮನಸ್ಸು ಇನ್ನೊಬ್ಬನ ಕಡೆ ಹರಿಯುತ್ತದೆ. ರಾತ್ರಿ ಹೊರಡಲು ಸಿದ್ಧಳಾಗಿ ಅವಳು ಹಕ್ಕಿಗಳನ್ನು ಕೇಳುತ್ತಾಳೆ. ಮೈನಾ ನೇರವಾಗಿ ತಡೆಯುತ್ತದೆ. ಅವಳು ಸಿಟ್ಟಿನಿಂದ ಅದನ್ನು ಕೊಲ್ಲುತ್ತಾಳೆ. ಗಿಳಿ ಇದನ್ನು ಕಂಡು ಬುದ್ಧಿ ಕಲಿಯುತ್ತದೆ. ‘ಹೋಗು, ಆದರೆ ಇಂಥವರಿಗೆ ಒದಗಿದ ಸಂಕಟ ನಿನಗೆ ಬಾರದಿರಲಿ’ ಎಂಬ ಧಾಟಿಯಲ್ಲಿ ಅದು ಮಾತು ತೆಗೆಯುತ್ತದೆ. ಅದೇನು ಸಂಕಟವೆಂದು ಅವಳು ಕೇಳಿದರೆ ಕಥೆ ಆರಂಭ. ಕಥೆ ಮುಗಿಯುವಷ್ಟರಲ್ಲಿ ಬೆಳಕು ಹರಿದಿರುತ್ತದೆ. ಹೀಗೆ ರಾತ್ರಿಯ ಮೇಲೆ ರಾತ್ರಿ ಕಳೆದು, ವ್ಯಾಪಾರಿ ಮರಳುವವರೆಗೂ ಗಿಳಿ ಕಥೆಯಿಂದಲೇ ಮನೆ ಕಾಯುತ್ತದೆ.

ಮುಂಗುಸಿ, ಮೈನಾ, ಗಿಳಿ ಈ ಮೂರನ್ನೂ ಒಟ್ಟಿಗೆ ಇಟ್ಟು ನೋಡೋಣ. ಮುಂಗುಸಿಗೆ ಮಾತು ಬಾರದು. ತನ್ನ ನಿರಪರಾಧವನ್ನು ಹೇಳಲಾರದೆ ಸತ್ತಿತು. ಮೈನಾಕ್ಕೆ ಮಾತು ಬರುತ್ತಿತ್ತು. ಸತ್ಯವನ್ನು ಇದ್ದ ಹಾಗೆಯೇ ಹೇಳಿ ಸತ್ತಿತು. ಗಿಳಿ ಸತ್ಯವನ್ನು ಕಥೆಯಾಗಿ ಹೇಳಿ ಬದುಕಿತು. ಆಳುವವರ ನೆರಳಿನಲ್ಲಿ ಬಾಳುವ ಎಲ್ಲ ಜೀವಗಳ ಪಾಡೂ ಈ ಮೂರರಲ್ಲಿ ಒಂದಕ್ಕೆ ಸೇರುತ್ತದೆ. ಹೊಸ ಕಾಲದ ಚಿತ್ರದ ಪ್ರಾಣಿಗಳು ನಾಲ್ಕನೆಯ ದಾರಿ ಹಿಡಿದಿವೆ. ಅವು ಮನುಷ್ಯರಿಲ್ಲದಾಗ ತಮ್ಮತಮ್ಮೊಳಗೆ ಮಾತ್ರ ಮಾತಾಡುತ್ತವೆ. ಅದು ನಮಗೆ ಹಾಸ್ಯವಾಗಿ ಕಾಣುತ್ತದೆ. ಹಳೆಯ ಕಥೆಗಳನ್ನು ಬಲ್ಲವರಿಗೆ ಅದು ಅವುಗಳ ಜಾಣತನವಾಗಿಯೂ ಕಂಡೀತು.

ಆ ಚಿತ್ರದಲ್ಲಿ ನಗೆಯ ನಡುವೆ ಒಂದು ಕತ್ತಲೆಯ ಮೂಲೆ ಉಂಟು. ಒಡೆಯರು ತೊರೆದ ಪ್ರಾಣಿಗಳು ನಗರದ ಚರಂಡಿಗಳಲ್ಲಿ ಸೇರಿ ಮನುಷ್ಯರ ಮೇಲೆ ಹಗೆ ಸಾಧಿಸಲು ಸಂಘ ಕಟ್ಟಿವೆ. ಸ್ನೋಬಾಲ್ ಎಂಬ ಬಿಳಿಯ ಮೊಲ ಅದರ ನಾಯಕ. ಇದಕ್ಕೂ ನಮ್ಮಲ್ಲಿ ಪೂರ್ವಜನಿದ್ದಾನೆ. ಪಂಚತಂತ್ರದ ಮೊದಲ ಕಥೆ ಶುರುವಾಗುವುದೇ ತೊರೆದುಹೋದ ಒಂದು ಸಾಕುಪ್ರಾಣಿಯಿಂದ. ವ್ಯಾಪಾರಿಯ ಗಾಡಿಯ ಎತ್ತು ಸಂಜೀವಕ ಕೆಸರಿನಲ್ಲಿ ಸಿಕ್ಕಿ ಕಾಲು ಮುರಿದುಕೊಳ್ಳುತ್ತದೆ. ವ್ಯಾಪಾರಿ ಕಾವಲಿಗೆ ಆಳುಗಳನ್ನಿಟ್ಟು ಮುಂದೆ ಹೋಗುತ್ತಾನೆ. ಆಳುಗಳು ಕಾಡಿಗೆ ಹೆದರಿ, ಎತ್ತು ಸತ್ತಿತೆಂದು ಸುಳ್ಳು ಹೇಳಿ ಒಡೆಯನನ್ನು ಕೂಡಿಕೊಳ್ಳುತ್ತಾರೆ. ಎತ್ತು ಬದುಕುತ್ತದೆ, ಹಸಿರು ಮೇದು ಕೊಬ್ಬುತ್ತದೆ, ಅದರ ಗುಟುರಿಗೆ ಸಿಂಹವೇ ಬೆಚ್ಚುತ್ತದೆ. ಬಳಿಕ ಇಬ್ಬರೂ ಗೆಳೆಯರಾಗುತ್ತಾರೆ. ಕೊನೆಗೆ ನರಿಯ ಚಾಡಿಮಾತಿನಿಂದ ಸಿಂಹದ ಕೈಯಲ್ಲಿಯೇ ಎತ್ತು ಸಾಯುತ್ತದೆ. ಚಿತ್ರದ ಮೊಲವನ್ನು ಕೊನೆಯಲ್ಲಿ ಪುಟ್ಟ ಹುಡುಗಿಯೊಬ್ಬಳು ಎತ್ತಿಕೊಂಡು ಹೋಗುತ್ತಾಳೆ. ಸಂಜೀವಕನನ್ನು ಎತ್ತಿಕೊಳ್ಳಲು ಯಾರೂ ಬರಲಿಲ್ಲ. ಭಾರ ಎಳೆಯುವವರೆಗೆ ನಮ್ಮದು, ಕುಂಟಿದ ಮೇಲೆ ಕಾಡಿನದು ಎಂಬ ವ್ಯಾಪಾರಿಯ ಲೆಕ್ಕವನ್ನು ಕಥೆ ಖಂಡಿಸುವುದೂ ಇಲ್ಲ. ಇದ್ದದ್ದನ್ನು ಇದ್ದ ಹಾಗೆ ಇಡುತ್ತದೆ.

ಆ ಲೆಕ್ಕ ಇಂದಿಗೂ ನಡೆಯುತ್ತಿದೆ. ಕೆಲಸದ ನಿಮಿತ್ತ ಊರಿಂದೂರಿಗೆ ವರ್ಗವಾಗುವ ನಮ್ಮಂಥವರ ನಗರದಲ್ಲಿ ಮನೆ ಬದಲಿಸುವಾಗ ಸೋಫಾಕ್ಕೆ ಲಾರಿಯಲ್ಲಿ ಜಾಗ ಸಿಗುತ್ತದೆ, ನಾಯಿಗೆ ಸಿಗುವುದಿಲ್ಲ. ಮುದ್ದಿಗೆಂದು ಕೊಂಡ ಮರಿ ಬೆಳೆದು ದೊಡ್ಡದಾದಾಗ, ಕಾಯಿಲೆ ಬಿದ್ದಾಗ, ಮಗ ವಿದೇಶಕ್ಕೆ ಹೋದಾಗ ಅದು ಒಂದು ದಿನ ಯಾವುದೋ ಕೆರೆಯ ದಂಡೆಯಲ್ಲಿ ಇಳಿದಿರುತ್ತದೆ. ಅಮಲಾ ಅಕ್ಕಿನೇನಿಯವರು 1992ರಲ್ಲಿ ಕಟ್ಟಿದ ಹೈದರಾಬಾದಿನ ಬ್ಲೂ ಕ್ರಾಸ್ ಸಂಸ್ಥೆ ಹೀಗೆ ಬೀದಿಪಾಲಾದ, ಗಾಯಗೊಂಡ ಪ್ರಾಣಿಗಳ ಆರೈಕೆಯನ್ನು ಅಂದಿನಿಂದಲೂ ಮಾಡುತ್ತ ಬಂದಿದೆ. ಸಂಜೀವಕನಿಗೆ ಒದಗದ ಆಸರೆ ಈ ಕಾಲದ ಕೆಲವು ಪ್ರಾಣಿಗಳಿಗಾದರೂ ಒದಗಿದೆ ಎಂಬುದು ಸಮಾಧಾನದ ಮಾತು.

ಕಥೆ ಹೇಳುವ ಕಸುಬೂ ಈ ನಗರವನ್ನು ಬಿಟ್ಟುಹೋಗಿಲ್ಲ. ನಮ್ಮ ಮಕ್ಕಳು ದೂರದರ್ಶನದಲ್ಲಿ ನೋಡುತ್ತ ಬೆಳೆದ ‘ಛೋಟಾ ಭೀಮ್’ 2008ರಲ್ಲಿ ಹೈದರಾಬಾದಿನ ಗ್ರೀನ್ ಗೋಲ್ಡ್ ಅನಿಮೇಷನ್ ಸಂಸ್ಥೆಯಿಂದಲೇ ಹೊರಬಂದಿತು; ಅದರಲ್ಲಿ ಭೀಮನ ಜೊತೆ ಮಾತಾಡುವ ಜಗ್ಗು ಎಂಬ ಕೋತಿಯಿದೆ. 2012ರಲ್ಲಿ ಎಸ್. ಎಸ್. ರಾಜಮೌಳಿಯವರ ‘ಈಗ’ ಚಿತ್ರಕ್ಕೆ ನೊಣವೇ ನಾಯಕನಾಯಿತು, ಅದರೆದುರು ಕನ್ನಡದ ನಟ ಸುದೀಪ್ ಖಳನಾದರು. ಗಣಕಯಂತ್ರದಲ್ಲಿ ಮೂಡಿದ, ಮಾತು ಬಾರದ ಆ ಪುಟ್ಟ ಜೀವ ತನ್ನ ಮಾತನ್ನು ಬರೆದು ತಿಳಿಸುವ ಸನ್ನಿವೇಶ ನೋಡಿದಾಗ ನಮಗೆ ಮುಂಗುಸಿಯ ನೆನಪಾಯಿತು. ಅದಕ್ಕೂ ಬರೆಯಲು ಬಂದಿದ್ದರೆ!

1956ರಲ್ಲಿ ಭಾಷಾವಾರು ವಿಂಗಡಣೆಯಾಗಿ ಬೀದರ, ಕಲಬುರಗಿ, ರಾಯಚೂರುಗಳು ಮೈಸೂರು ರಾಜ್ಯವನ್ನು ಸೇರಿದ ಮೇಲೆ ಹೈದರಾಬಾದಿನ ಕನ್ನಡ ಬಹುಮಟ್ಟಿಗೆ ಮನೆಯೊಳಗಿನ ಭಾಷೆಯಾಯಿತು. ಬೀದಿಯಲ್ಲಿ ತೆಲುಗು, ಉರ್ದು, ಕಚೇರಿಯಲ್ಲಿ ಇಂಗ್ಲಿಷು, ಬಾಗಿಲು ಮುಚ್ಚಿದ ಮೇಲೆ ಕನ್ನಡ. ಹೊರಗಿನವರಿಗೆ ಕಾಣದ ಬಾಳು ನಮ್ಮ ನುಡಿಗೂ ಉಂಟು. ಆ ಬಾಳು ಬತ್ತದಿರಬೇಕಾದರೆ ನಮ್ಮ ಮಕ್ಕಳಿಗೆ ಮ್ಯಾಕ್ಸ್ ಮತ್ತು ಸ್ನೋಬಾಲ್ ಗೊತ್ತಿರುವಷ್ಟೇ ಚೆನ್ನಾಗಿ ಕಾಳಿಯೂ ಸಂಜೀವಕನೂ ಹೆಸರಿಲ್ಲದ ಆ ಮುಂಗುಸಿಯೂ ಗೊತ್ತಿರಬೇಕು. ಚಿತ್ರವನ್ನು ನೋಡಿ ನಗುವುದು ಬೇಡವೆಂದು ನಾವು ಹೇಳುವುದಿಲ್ಲ. ನಕ್ಕು ಮುಗಿದ ಮೇಲೆ, ಇದೇ ಪ್ರಶ್ನೆಯನ್ನು ನಮ್ಮವನೊಬ್ಬ ಸಾವಿರ ವರ್ಷಗಳ ಹಿಂದೆಯೇ ಕೇಳಿದ್ದ, ಅವನ ದೊರೆಯ ಊರು ನಾವು ವಾರಕ್ಕೊಮ್ಮೆ ದಾಟಿಹೋಗುವ ಪಟಾನ್‌ಚೆರು ಎಂದು ಹೇಳಿ ಕಥೆ ತೆಗೆದರೆ ಸಾಕು.

ಈಗ ಕೆಲವರು ಮನೆಯಲ್ಲಿ ಕ್ಯಾಮೆರಾ ಇರಿಸಿ, ಕಚೇರಿಯಿಂದಲೇ ಮೊಬೈಲಿನಲ್ಲಿ ನಾಯಿಯನ್ನು ನೋಡಿಕೊಳ್ಳುತ್ತಾರೆ. ಒಡೆಯನಿಲ್ಲದ ಹೊತ್ತು ಎಂಬುದೇ ಇನ್ನು ಉಳಿಯದೇನೋ. ಆ ಕ್ಯಾಮೆರಾಗಳಲ್ಲಿ ಕಾಣುವುದು ಸಂಗೀತವೂ ಅಲ್ಲ, ಸಾಹಸವೂ ಅಲ್ಲ. ಹೆಚ್ಚಿನ ಹೊತ್ತು ನಾಯಿ ಮಲಗಿರುತ್ತದೆ. ಮೆಟ್ಟಿಲಲ್ಲಿ ಹೆಜ್ಜೆಯ ಸಪ್ಪಳವಾದರೆ ಕಿವಿ ನಿಮಿರಿಸುತ್ತದೆ, ಎದ್ದು ಹೋಗಿ ಬಾಗಿಲ ಬಳಿ ಕೂರುತ್ತದೆ, ಬಂದವರು ತನ್ನವರಲ್ಲವೆಂದು ತಿಳಿದು ಮತ್ತೆ ಮರಳುತ್ತದೆ. ಸಂಜೆ ಬಾಗಿಲು ತೆರೆದಾಗ ಅದು ಏನನ್ನೋ ಕಚ್ಚಿಕೊಂಡು, ಯಾವುದನ್ನೋ ಹರಿದು ಎದುರಿಗೆ ಬಂದು ನಿಂತರೆ, ಕೈಯೆತ್ತುವ ಮೊದಲು ಒಮ್ಮೆ ಒಳಗೆ ಹೋಗಿ ತೊಟ್ಟಿಲು ನೋಡಿ ಬರೋಣ.